ಅತ್ತ ಕೂಸನ್ನು ಮನೆಗೆ ಕಳಿಸದ ಸುಂಕಲಮ್ಮ

ಆದೋನಿಗೆ ಇನ್ನೂ ಪೂರ್ತಿ ಬೆಳಗಾಗಿಲ್ಲ. ಬೀದಿಯ ಮೇಲೆ ಮಂಜೋ ಅರಳೆಯ ಧೂಳೋ ತಿಳಿಯದ ಮಸುಕು. ಮಕ್ಕಳ ಆಸ್ಪತ್ರೆಯ ಮೂಲೆ ಮಂಚದಲ್ಲಿ ಎಂಟು ತಿಂಗಳ ಕೂಸು. ಆಯಾ ಸುಂಕಲಮ್ಮ ಅದರ ಮೂಗಿನ ಕೆಳಗೆ ಒಂದೆಳೆ ಅರಳೆ ಹಿಡಿದು ಕೂತಿದ್ದಾರೆ. ಎಳೆ ಅಲುಗುತ್ತದೆ, ನಿಲ್ಲುತ್ತದೆ, ಮತ್ತೆ ಅಲುಗುತ್ತದೆ.

ತಾಯಿ ಉರುಕುಂದಮ್ಮ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಕೂಲಿ. ತಾನು ಬರುವವರೆಗೆ ಕೂಸು ಮಲಗಿರಲೆಂದು ನಸುಕಿನಲ್ಲೇ ಎದೆಹಾಲಿನಲ್ಲಿ ಅಫೀಮು ತೇಯ್ದು ನೆಕ್ಕಿಸಿದ್ದಾಳೆ. ಇಂದು ಅಳತೆ ತಪ್ಪಿದೆ, ಕೂಸು ಎಬ್ಬಿಸಿದರೂ ಏಳದಾಗ ಇಲ್ಲಿಗೆ ಹೊತ್ತು ತಂದಿದ್ದಾಳೆ. ಡಾಕ್ಟರ್ ಕೃಷ್ಣಮೂರ್ತಿ ಸೂಜಿ ಚುಚ್ಚಿದ್ದೇ ತಡ, ಕೂಸು ಕಿಟಾರನೆ ಕಿರುಚುತ್ತದೆ. ಕಿವಿ ತೂತಾಗುವಂಥ ಆ ಅಳು ಕೇಳಿ ಸುಂಕಲಮ್ಮನ ಮುಖ ಅರಳುತ್ತದೆ.

ಉರುಕುಂದಮ್ಮ ಕೂಸನ್ನು ಬಾಚಿ ಎತ್ತಿಕೊಳ್ಳುತ್ತಾಳೆ. "ಅತ್ತೈತಿ ಕದಾ, ಇನ್ನೇನು? ಬಿಡವ್ವಾ, ಮಿಲ್ಲಿನ ಗೇಟು ಹಾಕ್ತಾರ."

"ಸಂಜಿತನ ಬಿಡೂದಿಲ್ಲ," ಎಂದು ಸುಂಕಲಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

ಮಿದುಳಿನ ನರದ ತುದಿಗಳು ರಸ ಸೂಸಿ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಅಫೀಮು ಅಲ್ಲಿ ಕೂತರೆ ರಸ ಹೊರಡುವುದಿಲ್ಲ, ಉಸಿರಾಡು ಎನ್ನುವ ಸುದ್ದಿಯೂ ಮಂಕಾಗುತ್ತದೆ ಎಂದು ಡಾಕ್ಟರು ಅವರಿಗೆ ತಿಳಿಹೇಳಿದ್ದಾರೆ. ಸುಂಕಲಮ್ಮ ಅದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಾರೆ: "ಅಫೀಮು ಕಟ್ಟಿ ಮ್ಯಾಲ ಕುಂತಿರ್ತೈತ್ರಿ. ಸೂಜಿಮದ್ದು ಅದನ್ನ ಎಬ್ಬಿಸಿ ತಾನು ಕುಂದರತೈತಿ. ಆದ್ರ ಸೂಜಿಮದ್ದಿಗೆ ಅವಸರ, ಲಗೂನ ಎದ್ದು ಹೋಗ್ತೈತಿ. ಅಫೀಮು ಅಲ್ಲೇ ಕಾಯ್ಕೊಂತ ಇದ್ದು ಮತ್ತ ಬಂದು ಕುಂದರತೈತಿ."

ಇದನ್ನು ಅವರು ಕಲಿತದ್ದು ತಮ್ಮದೇ ತಪ್ಪಿನಿಂದ. ಎರಡು ವರ್ಷದ ಹಿಂದೆ, ಎಂಬತ್ತೆರಡರಲ್ಲಿ, ಈ ಮದ್ದು ಬಂದ ಹೊಸತು. ದೇವನಕೊಂಡದ ಕೂಸೊಂದು ಸೂಜಿ ಚುಚ್ಚಿದ ಮೇಲೆ ಅತ್ತಿತೆಂದು, ಡಾಕ್ಟರು ಮತ್ತೆ ಬಂದು ನೋಡುವ ಮೊದಲೇ ಇವರು ಖುಷಿಯಿಂದ ಮನೆಗೆ ಕಳಿಸಿದ್ದರು. ಬಸ್ಸಿನಲ್ಲಿ ಅದು ಮತ್ತೆ ನಿದ್ದೆಗೆ ಜಾರಿತು, ಏಳಲಿಲ್ಲ. "ಬಾಗಿಲು ತೆಗದಾಕಿ ನಾನ ರೀ," ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲಿನ ಎರಡು ವರ್ಷಗಳಲ್ಲಿ ಹದಿನೇಳು ಮಕ್ಕಳನ್ನು ಸಂಜೆಯವರೆಗೆ ಕಾದಿದ್ದಾರೆ. ಹದಿನೇಳೂ ಬದುಕಿವೆ.

ಉರುಕುಂದಮ್ಮ ಬಾಯಿಗೆ ಬಂದಂತೆ ಬೈಯುತ್ತಾಳೆ, ಕೊನೆಗೆ ಸೋತು ಕೂರುತ್ತಾಳೆ. ಮುಕ್ಕಾಲು ಗಂಟೆ ಕಳೆದಿರಬೇಕು. ಅವಳ ತೊಡೆಯ ಮೇಲೇ ಕೂಸಿನ ರೆಪ್ಪೆ ಮೆಲ್ಲಗೆ ಇಳಿಯುತ್ತದೆ, ತುಟಿಯಲ್ಲಿ ನಗುವಿನಂಥದ್ದೇನೋ ಸುಳಿಯುತ್ತದೆ. ಅರಳೆಯ ಎಳೆ ನಿಂತೇಬಿಡುತ್ತದೆ. "ಡಾಕ್ಟ್ರೇ!" ಎಂಬ ಸುಂಕಲಮ್ಮನ ಕೂಗಿಗೆ ಕೃಷ್ಣಮೂರ್ತಿ ಓಡಿಬಂದು ಇನ್ನೊಂದು ಸೂಜಿ ಚುಚ್ಚುತ್ತಾರೆ. ಕೂಸು ಮತ್ತೆ ಕಿರುಚುತ್ತದೆ. ದೂರದಲ್ಲಿ ಮಿಲ್ಲು ಕೂಗುತ್ತದೆ. ಉರುಕುಂದಮ್ಮ ಕದಲುವುದಿಲ್ಲ, ಸುಂಕಲಮ್ಮನ ಕೈ ಹಿಡಿದು ಅಳುತ್ತಾಳೆ.

ಇಷ್ಟೆಲ್ಲ ಮಾಡುವ ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಸುಂಕಲಮ್ಮ ಮದ್ದಿನ ಬೀರುವಿನತ್ತ ನೋಡುತ್ತಾರೆ.

"ನನಗೇನು ಬ್ಯಾಡ್ರಿ. ಆ ಸೂಜಿಮದ್ದು ಯಾರಿಗೂ ಬೇಕಾಗದ, ತಾರೀಖು ಮುಗದು, ನನ್ನ ಕೈಲೇ ಚೆಲ್ಲೂವಂಗ ಆಗ್ಲಿ."