ಅತ್ತೆ ಹೇಳಿದ ಹೆಸರು

ನನ್ನ ಅತ್ತೆ ಹುಬ್ಬಳ್ಳಿಯವರು. ಮಾವ ತೀರಿಕೊಂಡು ಎಷ್ಟೋ ವರ್ಷಗಳಾದರೂ ಅವರ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ಪಾಸ್‌ಪೋರ್ಟಿನಲ್ಲಿ ಮಾತ್ರ ಅತ್ತೆಯ ಹೆಸರಿನ ಹಿಂದೆಯೇ ಆ ಹೆಸರಿತ್ತು. ಅಮೆರಿಕದ ಪೇರ್ಲ್ಯಾಂಡಿನ ನಮ್ಮ ಮನೆಗೆ ಬಂದಿದ್ದಾಗ ನ್ಯುಮೋನಿಯಾ ಆಗಿ ಹ್ಯೂಸ್ಟನ್ನಿನ ಆಸ್ಪತ್ರೆ ಸೇರಿದರು.

ಒಂದು ಮಧ್ಯಾಹ್ನ ನಾನು ಕಾಫಿಗೆ ಹೋಗಿದ್ದಾಗ ನರ್ಸ್ ಬಂದು ಪೂರ್ತಿ ಹೆಸರು ಕೇಳಿದ್ದಾಳೆ. ಪೂರ್ತಿ ಹೆಸರೆಂದರೆ ಮಾವನ ಹೆಸರೂ ಸೇರಿತಲ್ಲ, ಅತ್ತೆ ತುಟಿ ಪಿಟಕ್ಕೆಂದಿಲ್ಲ. ಅವಳು ಕಾದು ಕಾದು, ಕೈಗೆ ಕಟ್ಟಿದ್ದ ಹೆಸರಿನ ಪಟ್ಟಿಯನ್ನೂ ನೋಡದೆ, ತಾನೇ ಒಂದು ಹೆಸರು ಓದಿ "ನೀವೇನಾ?" ಅಂದಿದ್ದಾಳೆ. ಅದು ಪಕ್ಕದ ಕೋಣೆಯವರ ಹೆಸರು. ಆಸ್ಪತ್ರೆಯವರು ಏನು ಕೇಳಿದರೂ ಹೂಂ ಅನ್ನುವುದೇ ಮರ್ಯಾದೆ ಎಂದುಕೊಂಡಿದ್ದ ಅತ್ತೆ ತಲೆಯಾಡಿಸಿದ್ದಾರೆ. ಸಕ್ಕರೆ ಕಾಯಿಲೆಯೇ ಇಲ್ಲದವರಿಗೆ ಇನ್ಸುಲಿನ್ ಬಿದ್ದಿತ್ತು!

ನಾನು ವಾಪಸ್ ಬಂದಾಗ ಅತ್ತೆಗೆ ಗ್ಲೂಕೋಸ್ ಏರಿಸುತ್ತಿದ್ದರು. ಹಣೆಯ ತುಂಬ ಬೆವರು. ಆ ನರ್ಸ್ ನನ್ನೆದುರು ನಿಂತು, "ತಪ್ಪು ನನ್ನದು. ಗೊತ್ತಾದ ತಕ್ಷಣ ಡಾಕ್ಟರಿಗೆ ಹೇಳಿದೆ, ರಿಪೋರ್ಟೂ ಮಾಡ್ತಿದ್ದೀನಿ" ಎಂದಳು. ನಾನು ಮೈಸೂರಿನವಳಾದರೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇವಳ ಕೆಲಸ ತೆಗೆಸಿಯೇ ಸೈ ಎಂದು ಹಿರಿಯ ಡಾಕ್ಟರ ಬಳಿ ನಡೆದೆ.

ಅವರು ಕೂರಿಸಿ ಬಿಡಿಸಿ ಹೇಳಿದರು. ತಮ್ಮ ತಪ್ಪನ್ನು ಆಸ್ಪತ್ರೆಯ ಗೋಪ್ಯ ವರದಿಯಲ್ಲಿ ಒಪ್ಪಿಕೊಳ್ಳುವವರಿಗೆ ಇಲ್ಲಿ ಕಾನೂನಿನ ರಕ್ಷಣೆಯಿದೆಯಂತೆ. ಆ ವರದಿ ಇರುವುದು ಶಿಕ್ಷೆಗಲ್ಲ, ಅದೇ ತಪ್ಪು ಇನ್ನೊಬ್ಬರಿಗೆ ಆಗದಿರಲಿ ಎಂದು. "ಆಗಿದ್ದನ್ನ ನಿಮ್ಮಿಂದ ಮುಚ್ಚಿಡಲ್ಲ. ಆದ್ರೆ ಅವಳು ಹೆದರಿ ಸುಮ್ಮನಿದ್ದಿದ್ರೆ, ಏನಾಗ್ತಿದೆ ಅಂತ ನಮಗೆ ಹೊಳೆಯೋಷ್ಟರಲ್ಲಿ ನಿಮ್ಮ ಅತ್ತೆ..." ನನ್ನ ಕೋಪ ಜರ್ರನೆ ಇಳಿಯಿತು. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ, ಇವತ್ತಿಗೂ ಅವಳನ್ನು ನೆನೆಯದ ದಿನವಿಲ್ಲ.

ನಡೆದದ್ದನ್ನೆಲ್ಲ ರಾತ್ರಿಯೇ ಅತ್ತೆಗೆ ಹೇಳಿದ್ದೆ. ಮರುದಿನ ಅವಳೇ ಮಾತ್ರೆ ತಂದಳು. ಅವಳ ವರದಿಯಿಂದಾಗಿ ವಾರ್ಡಿನಲ್ಲಿ ಆಗಲೇ ಹೊಸ ಪದ್ಧತಿ ಬಂದಿತ್ತು: ನರ್ಸ್ ಹೆಸರು ಓದುವಂತಿಲ್ಲ, ರೋಗಿಯೋ ಮನೆಯವರೋ ಹೇಳಬೇಕು. ಅತ್ತೆಯ ಕಷ್ಟ ನನಗೆ ಗೊತ್ತಲ್ಲ, ನಾನೇ ಬಾಯಿ ತೆರೆದೆ. ಅತ್ತೆ ಕೈ ಅಡ್ಡ ಹಿಡಿದರು.

"ತಡಿ ಯವ್ವಾ. ಆಕಿ ತನ್ನ ತಪ್ಪು ತಾನ ಬಾಯಿಬಿಟ್ಟು ಹೇಳ್ಯಾಳ. ಅದಕ್ಕ ನಾ ಇವತ್ತ ಜೀವಂತ ಅದೀನಿ. ನಂಗ ಒಂದ್ ಹೆಸರು ಹೇಳಾಕ ಆಗೂದಿಲ್ಲೇನು?"

ಶಾಲನ್ನು ತಲೆಯ ಮೇಲೆ ಎಳೆದುಕೊಂಡರು. ತಮ್ಮ ಹೆಸರು ಹೇಳಿ, ಅದರ ಹಿಂದೆಯೇ ಮಾವನ ಹೆಸರು ಹೇಳಿದರು. ನರ್ಸಿಗೆ ಸರಿಯಾಗಿ ಕೇಳಿಸಲಿಲ್ಲ. ಅತ್ತೆ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದರು.