ಕಡಬದಿಂದ ಮರಳಿ ಬಂದ ಟ್ರಂಕು

ಮೇ ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ಮಹಾಲಿಂಗೇಶ್ವರನಿಗೆ ಮನಸ್ಸಿನಲ್ಲೇ ಕೈಮುಗಿದು, ದರ್ಬೆಯಲ್ಲಿ ಬಸ್ ನಿಲ್ಲುವಲ್ಲಿಗೆ ನಡೆದೆ. ಕುಸುಮ ಆಗಲೇ ಕುಂಬ್ರದಿಂದ ಬಂದು ನಿಂತಿದ್ದಳು. ಪಕ್ಕದಲ್ಲಿ ಏಳು ವರ್ಷದ ಮಗಳು ದಿವ್ಯ. ಕಾಲ ಬಳಿ ನಾನು ಕೊಡಿಸಿದ ನೀಲಿ ಟ್ರಂಕು. ಸೆಕೆ ಏರುವ ಮೊದಲೇ ಬಸ್ಸು ಬಂತು, ಮೂವರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಹೆಂಗಸರಿಗೆ ಟಿಕೆಟಿನ ದುಡ್ಡೂ ಇಲ್ಲ. ದೇವರು ದಾರಿ ಮಾಡಿಕೊಟ್ಟಿದ್ದಾನೆ ಎಂದುಕೊಂಡೆ.

ಕುಸುಮ ನಮ್ಮ ಕುಂಬ್ರದ ರಬ್ಬರ್ ತೋಟದಲ್ಲಿ ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಮಾಡುವ ಬಾಬುವಿನ ಹೆಂಡತಿ. ಮಲೆಕುಡಿಯ ಬುಡಕಟ್ಟಿನವರು, ಊರು ಕಡಬದ ಆಚೆ ಕಾಡಿನ ಬದಿ. ಬಾಬುವಿನ ತಾಯಿಯೂ ಸೇರಿ ನಾಲ್ವರು ತೋಟದ ಶೆಡ್ಡಿನಲ್ಲಿರುತ್ತಾರೆ. ಮಳೆಗಾಲದಲ್ಲಿ ಟ್ಯಾಪಿಂಗ್ ಇಲ್ಲ. ಆಗ ಅವರು ಸುಳ್ಯದ ಕಡೆ ಎಲ್ಲಿಯಾದರೂ ಕೂಲಿಗೆ ಹೋಗಿ, ಮಳೆ ಮುಗಿದ ಮೇಲೆ ಮರಳುತ್ತಾರೆ. ಹಾಗಾಗಿ ದಿವ್ಯಳ ಒಂದನೇ ಕ್ಲಾಸು ಅರ್ಧವೂ ಆಗಲಿಲ್ಲ. ಹಲಸಿನ ಹಪ್ಪಳ ಮಾಡಲು ಕುಸುಮ ನಮ್ಮ ಮನೆಗೆ ಬಂದಾಗ ನಾನೇ ಹೇಳಿದ್ದು: “ಆಶ್ರಮ ಶಾಲೆಗೆ ಹಾಕು. ಅಲ್ಲೇ ಉಳಿದು ಕಲಿಯುದು, ಊಟ, ಬಟ್ಟೆ, ಪುಸ್ತಕ ಎಲ್ಲ ಸರ್ಕಾರದ್ದೇ ಉಂಟು. ನೀನೂ ಅಂಥಾ ಶಾಲೆಯಲ್ಲೇ ಕಲಿತವಳಲ್ವಾ? ಎಷ್ಟು ಶಿಸ್ತು ಉಂಟು ನಿನ್ನಲ್ಲಿ!”

“ಆಯ್ತು ಅಕ್ಕ,” ಎಂದಿದ್ದಳು. ನಾನು ಏನು ಹೇಳಿದರೂ ಅವಳು ಹಾಗೆಯೇ ಅನ್ನುವುದು.

ಸವಣೂರು ದಾಟಿ ಕಾಣಿಯೂರಿನಲ್ಲಿ ಇಳಿದೆವು. ಕಡಬದ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಹೋಟೆಲಿನಲ್ಲಿ ಗೋಳಿಬಜೆ, ಚಾ ತೆಗೆದುಕೊಂಡೆವು. ನಾನು ಎರಡನೆಯದಕ್ಕೆ ಕೈಹಾಕುವುದರೊಳಗೆ ಕುಸುಮ ಗೋಡೆಗೆ ಮುಖ ಮಾಡಿ ತಿಂದು ಮುಗಿಸಿ, ಪ್ಲೇಟು ಹಿಡಿದು ನಳ್ಳಿಯ ಹತ್ತಿರ ಹೋಗಿದ್ದಳು.

“ಓ ಅಕ್ಕ, ನೀವೇ ತೊಳೆದ್ರೆ ನಾವೆಂತ ಮಾಡುದು ಮಾರಾಯ್ರೆ? ಗಲ್ಲಾದಲ್ಲಿ ಕೂರುದಾದ್ರೆ ಅದನ್ನೂ ಹೇಳಿ, ನಾನು ಮನೆಗೆ ಹೋಗಿ ಮಲಗ್ತೇನೆ,” ಎಂದು ಹೋಟೆಲಿನವರು ನಗಾಡಿದರು.

ಅವಳು ನಗಲಿಲ್ಲ. ತೊಳೆದ ಪ್ಲೇಟನ್ನು ಒಮ್ಮೆ ಅವರ ಕಡೆ ತಿರುಗಿಸಿ ತೋರಿಸಿ, ಮೆಲ್ಲ ಮೇಜಿನ ಮೇಲಿಟ್ಟಳು. ನಮ್ಮ ಮನೆಯಲ್ಲೂ ಹಾಗೆಯೇ ಮಾಡುತ್ತಾಳೆ. “ನೋಡಿ, ಶಾಲೆಯಲ್ಲಿ ಹೇಳಿಕೊಟ್ಟದ್ದು ಮರೆತಿಲ್ಲ,” ಎಂದು ನಾನು ಹೆಮ್ಮೆಯಿಂದ ಹೇಳಿದೆ.

ಕುಮಾರಧಾರೆ ದಾಟುವಾಗ ನೀರು ಕಲ್ಲುಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ದಿವ್ಯ ಕಿಟಕಿಗೆ ಮೂಗು ಒತ್ತಿ ಮೀನು ಹುಡುಕಿದಳು. ಕಡಬದಲ್ಲಿ ಜೀಪು ಹಿಡಿದೆವು, ತಲೆಗೆ ಮೂವತ್ತು ರೂಪಾಯಿ. ಡ್ರೈವರು ಟ್ರಂಕಿಗೆ ಬೇರೆ ಕೇಳಲಿಲ್ಲ. ಕೊನೆಯ ಎರಡು ಮೈಲಿ ಮಣ್ಣಿನ ರಸ್ತೆಯಲ್ಲಿ ಧೂಳು ಕುಡಿಯುತ್ತಾ ಹೋದೆವು.

ನಾನು ಹೆದರಿದ ಹಾಗೆ ಶಾಲೆ ಕೊಳಕಾಗಿರಲಿಲ್ಲ. ಸುಣ್ಣ ಬಳಿದ ಗೋಡೆ, ಗುಡಿಸಿದ ಅಂಗಳ, ಬಾವಿಗೆ ಬಲೆ. ಶಾಲೆ ಶುರುವಾಗಲು ಇನ್ನೂ ಎರಡು ದಿನವಿದ್ದರೂ ದೂರದ ಮಕ್ಕಳು ಕೆಲವರು ಬಂದಿದ್ದರು. ಅನ್ನ, ಸಾರು, ಮೊಟ್ಟೆ ಬಡಿಸಿದ್ದರು. ವಾರ್ಡನ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಒಳ್ಳೆಯವರು. ನಮಗೆ ಕುರ್ಚಿ ಕೊಟ್ಟು ಮಜ್ಜಿಗೆ ತರಿಸಿದರು. ನಾನು ಕುಳಿತೆ. ಕುಸುಮ ಕೂರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಪಾದ ಜೋಡಿಸಿ, ನೆಲ ನೋಡುತ್ತಾ ನಿಂತಳು.

“ಕೂತ್ಕೊಳ್ಳಿ ಅಮ್ಮ.”

“ಆಯ್ತು ಟೀಚರ್,” ಎಂದಳು. ಹಾಗೆಯೇ ನಿಂತಿದ್ದಳು.

“ಎರಡು ತಿಂಗಳು ನೋಡ್ಲಿಕ್ಕೆ ಬರ್ಬೇಡಿ. ತಾಯಿ ಮುಖ ಕಂಡ್ರೆ ಮಕ್ಕಳು ಹೊಂದಿಕೊಳ್ಳುದಿಲ್ಲ. ಹೇನಾಗ್ತದಲ್ಲ, ಕೂದಲು ಸ್ವಲ್ಪ ಗಿಡ್ಡ ಮಾಡಿಸ್ತೇವೆ.”

“ಆಯ್ತು ಟೀಚರ್.”

ಅಷ್ಟರಲ್ಲಿ ಊಟ ಮುಗಿಸಿದ ಮಕ್ಕಳು ಬಟ್ಟಲು ತೊಳೆದು ಸಾಲಾಗಿ ಬಂದರು. ಒಬ್ಬೊಬ್ಬರೇ ಬಾಗಿಲ ಬಳಿ ನಿಂತು ಬಟ್ಟಲನ್ನು ವಾರ್ಡನರ ಕಡೆ ತಿರುಗಿಸಿ ತೋರಿಸಿ ಹೋದರು. ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಕುಸುಮಳಿಗೆ ಮೂವತ್ತನಾಲ್ಕು ವರ್ಷ.

ವಾರ್ಡನ್ ದಿವ್ಯಳನ್ನು ಹತ್ತಿರ ಕರೆದು, “ಮನೆಯಲ್ಲಿ ಯಾರೆಲ್ಲ ಇದ್ದಾರೆ ಪುಟ್ಟಿ?” ಎಂದು ಕೇಳಿದರು. ಮಗು ಅಜ್ಜಿಯಿಂದ ಕಲಿತ ಅವರ ಮನೆಮಾತಿನಲ್ಲಿ ಉದ್ದಕ್ಕೆ ಏನೋ ಹೇಳಿತು. ನನಗೆ ಅರ್ಥವಾಗಲಿಲ್ಲ. ಸಾಲಿನಲ್ಲಿದ್ದ ದೊಡ್ಡ ಹುಡುಗಿಯರಿಬ್ಬರು ಕಿಸಕ್ಕೆಂದರು.

“ಕನ್ನಡದಲ್ಲಿ ಹೇಳು!” ಎಂದಳು ಕುಸುಮ. ಅದು ಅವಳ ಧ್ವನಿಯಾಗಿರಲಿಲ್ಲ. ಕೈ ಮೇಲೆದ್ದಿತ್ತು. ಮಗು ತಲೆ ತಗ್ಗಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿತು.

ಕುಸುಮ ತನ್ನ ಎತ್ತಿದ ಕೈಯನ್ನೇ ನೋಡಿದಳು. ಮತ್ತೆ ಮಗಳನ್ನು ನೋಡಿದಳು. “ಬೇಡ,” ಎಂದಳು. “ಇವಳನ್ನು ಬಿಡುದಿಲ್ಲ ನಾನು.”

ಆಗಲಾದರೂ ನಾನು ಸುಮ್ಮನಿರಬಹುದಿತ್ತು. “ಎಂತ ಬೇಡ? ಇಷ್ಟು ದೂರ ಬಂದು! ಟ್ರಂಕು ತಂದದ್ದು ಯಾಕೆ ಮತ್ತೆ?” ಎಂದುಬಿಟ್ಟೆ. ವಾರ್ಡನ್ ನನ್ನ ಕಡೆ ನೋಡಿ, “ತಾಯಿ ಬೇಡ ಹೇಳಿದ್ರೆ ಬೇಡವೇ ಅಮ್ಮ,” ಎಂದರು. ದಿವ್ಯಳಿಗೆ ಒಂದು ಬಾಳೆಹಣ್ಣು ಕೊಟ್ಟು, “ಆದ್ರೆ ಎಲ್ಲಿಯಾದ್ರೂ ಶಾಲೆಗೆ ಕಳಿಸಿ. ಈ ವರ್ಷವೂ ತಪ್ಪಿದ್ರೆ ಆಮೇಲೆ ಕಷ್ಟ,” ಎಂದರು.

ಡಾಮರು ರಸ್ತೆಯವರೆಗೆ ವಾಪಸು ಬರಲು ಜೀಪು ಸಿಗಲಿಲ್ಲ. ಟ್ರಂಕಿನ ಒಂದು ಬದಿ ಅವಳು, ಇನ್ನೊಂದು ಬದಿ ನಾನು ಹಿಡಿದು ನಡೆದೆವು. ಮೋಡ ಕವಿದು ಬಿಸಿಲು ತಗ್ಗಿದ್ದೊಂದೇ ಪುಣ್ಯ. ಕಡಬದಲ್ಲಿ ಬಸ್ಸು ಹತ್ತಿ ಕುಳಿತ ಮೇಲೆ ಕುಸುಮ ಕೇಳಿದಳು: “ಕೋಪ ಬಂತಾ ಅಕ್ಕ?”

“ಇಲ್ಲ.”

ಸ್ವಲ್ಪ ದೂರ ಹೋದ ಮೇಲೆ ಮತ್ತೆ, “ಕೋಪ ಇಲ್ಲ ಅಲ್ವಾ?”

“ಇಲ್ಲ ಹೇಳಿದೆನಲ್ಲ ಮಾರಾಯ್ತಿ.”

ಆಮೇಲೆ ಅವಳಾಗಿಯೇ ಹೇಳಿದಳು. ಅವಳನ್ನು ಬಿಟ್ಟದ್ದು ಬೇರೆ ಶಾಲೆಯಲ್ಲಿ, ಆರನೇ ವರ್ಷಕ್ಕೆ. ಮನೆಮಾತು ಆಡಿದರೆ ಮೊಣಕಾಲೂರಿಸುತ್ತಿದ್ದರಂತೆ. “ಕಾಡಿನ ವಾಸನೆ” ಎಂದು ಉಳಿದವರು ಮೂಗು ಮುಚ್ಚುತ್ತಿದ್ದರಂತೆ. ನಾಲ್ಕನೇ ಕ್ಲಾಸಿನಲ್ಲಿರುವಾಗ ಅವಳ ತಾಯಿ ಜೇನು ಹಿಡಿದುಕೊಂಡು ನೋಡಲು ಬಂದಿದ್ದಳು. “ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ ಅಕ್ಕ. ಯಾರದು ಕೇಳಿದ್ರೆ, ನಮ್ಮೂರಿನವಳು, ಯಾರೋ ಗೊತ್ತಿಲ್ಲ ಹೇಳಿದೆ. ಅಮ್ಮ ಸಂಜೆವರೆಗೆ ಗೇಟಿನಲ್ಲಿ ಕೂತಿದ್ಲು. ಮತ್ತೆ ಬರ್ಲೇ ಇಲ್ಲ. ಈಗ ಅಮ್ಮನೂ ಇಲ್ಲ, ಆ ಮಾತೂ ನನಗೆ ಸರಿಯಾಗಿ ಬರುದಿಲ್ಲ. ದಿವ್ಯ ಅಜ್ಜಿ ಹತ್ರ ಎಂತದೋ ಹೇಳಿ ನಗಾಡ್ತಾಳೆ. ನಾನು ಹತ್ರ ಹೋದ್ರೆ ಇಬ್ರೂ ತುಳುವಿಗೆ ಬರ್ತಾರೆ.”

ನನಗೆ ಏನಾದರೂ ಮಾಡಲೇಬೇಕೆನಿಸಿತು. “ಹಾಗಾದ್ರೆ ನಮ್ಮ ಮನೆಯಲ್ಲಿ ಬಿಡು. ದರ್ಬೆಯಿಂದಲೇ ಶಾಲೆಗೆ ಹೋಗಲಿ. ನಾನು ನೋಡಿಕೊಳ್ತೇನೆ,” ಎಂದೆ.

ಕುಸುಮ ತೊಡೆಯ ಮೇಲೆ ಮಲಗಿದ್ದ ಮಗಳ ಕೂದಲು ಸರಿಮಾಡುತ್ತಾ, “ಅದೂ ಹಾಸ್ಟೆಲೇ ಅಲ್ವಾ ಅಕ್ಕ?” ಎಂದಳು.

ಕಾಣಿಯೂರಿನಲ್ಲಿ ಬಸ್ಸು ಬದಲಿಸಿ ಕುಳಿತ ಮೇಲೆ ಅವಳು ತುಂಬಾ ಹೊತ್ತು ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು.

“ಒಂದು ಕೇಳ್ಲಾ? ಮಳೆಗಾಲಕ್ಕೆ ನಮ್ಮನ್ನು ಶೆಡ್ಡಿನಿಂದ ಎಬ್ಬಿಸುದು ಬೇಡ ಅಂತ ಧಣಿಗಳಿಗೆ ಒಂದು ಮಾತು ಹೇಳ್ತೀರಾ? ಟ್ಯಾಪಿಂಗ್ ಇಲ್ಲದಿದ್ರೆ ಇವರು ಕುಂಬ್ರದಲ್ಲೇ ಕೂಲಿಗೆ ಹೋಗ್ತಾರೆ. ಶಾಲೆ ಅಲ್ಲೇ ಉಂಟಲ್ಲ. ಇವಳು ನಡ್ಕೊಂಡು ಹೋಗಿ ಬರ್ಬಹುದು.”

ಮಳೆಗಾಲದಲ್ಲಿ ಅವರು ಕೂಲಿಗೆ ಹೋಗುತ್ತಾರೆ ಎಂದು ಮೇಲೆ ಬರೆದಿದ್ದೇನೆ. ಅವರು ಹೋಗುವುದಲ್ಲ. ಪ್ರತಿ ಜೂನಿನಲ್ಲಿ ನಮ್ಮವರು ಪಾತ್ರೆ ಹೊರಗಿಡಿಸಿ ಬೀಗ ಹಾಕುವುದು. ಮಗುವಿನ ಶಾಲೆ ತಪ್ಪಿಸಿದ್ದು ನಾವು. ಅದಕ್ಕೆ ಪರಿಹಾರ ಹುಡುಕಿಕೊಂಡು ತಾಯಿಯನ್ನೂ ಮಗಳನ್ನೂ ಕಡಬದವರೆಗೆ ಕರೆದುಕೊಂಡು ಹೋದವಳು ನಾನು, ದೇವರು ದಾರಿ ಮಾಡಿಕೊಟ್ಟಿದ್ದಾನೆ ಎಂದುಕೊಂಡು.

“ಹೇಳ್ತೇನೆ,” ಎಂದೆ. ಅವಳ ಮುಖ ನೋಡಲಾಗಲಿಲ್ಲ.

ದರ್ಬೆಯಲ್ಲಿ ಇಳಿಯುವಾಗ ಹನಿ ಶುರುವಾಗಿತ್ತು. ಅವರನ್ನು ಕುಂಬ್ರದ ಮೇಲೆ ಹೋಗುವ ಸುಳ್ಯದ ಬಸ್ಸಿಗೆ ಹತ್ತಿಸಿದೆ. ಕಂಡಕ್ಟರು ಟ್ರಂಕಿಗೆ ಜಾಗ ಮಾಡಿಕೊಟ್ಟ. ದಿವ್ಯ ಕಿಟಕಿಯಿಂದ ಕೈ ಬೀಸಿ, ಅಜ್ಜಿಯ ಮಾತಿನಲ್ಲೇ ನನಗೇನೋ ಹೇಳಿದಳು.

ಮನೆಗೆ ಬಂದಾಗ ನಮ್ಮವರು ಚಾವಡಿಯಲ್ಲಿದ್ದರು. “ಸೇರಿಸಿ ಆಯ್ತಾ?”

ಇಲ್ಲವೆಂದೆ. ಶೆಡ್ಡಿನ ವಿಷಯವನ್ನೂ ಹೇಳಿದೆ.

“ನಿನಗೆಂತ ತಲೆ ಸರಿ ಉಂಟಾ? ಒಂದು ಮಳೆಗಾಲ ಬಿಟ್ರೆ, ನಾಳೆ ಇದು ನಮ್ಮದೇ ಜಾಗ ಅಂತ ಕೂತುಬಿಟ್ರೆ?”

ಈ ಮಾತನ್ನು ನೆಂಟರ ಮುಂದೆ ನಾನೂ ಎಷ್ಟೋ ಸಲ ಆಡಿದ್ದೇನೆ. ಒದ್ದೆ ಸೆರಗು ಹಿಂಡುತ್ತಾ ಅಲ್ಲೇ ನಿಂತೆ.

“ಕೂರಲಿ,” ಎಂದೆ. “ಮಗು ಶಾಲೆಯಿಂದ ಬಂದ್ರೆ ಕೂರ್ಲಿಕ್ಕೆ ಒಂದು ಮನೆ ಬೇಡ್ವಾ?”