ಎಡಗೈ ಸವೆಸಿದ ಪೆಟ್ಟಿಗೆ

ಹೊಸ ಮರಕ್ಕೆ ಹಳೆಯ ಕಳೆ ಬರಿಸುವ ಕೆಲಸ ಭಾಗ್ಯನಗರದ ಬಡಗಿ ಕುಬೇರಪ್ಪನಿಗೆ ಸಿಕ್ಕಿದ್ದು ೧೯೮೫ರಲ್ಲಿ. ಹೊಸಪೇಟೆಯ ಹೋಟೆಲೊಂದಕ್ಕೆ ಅಜ್ಜನ ಕಾಲದವು ಅನ್ನಿಸುವಂಥ ಪೆಟ್ಟಿಗೆ ಬೇಕಿದ್ದವಂತೆ. ಉಳ್ಳವರ ಹುಚ್ಚು ನೂರೆಂಟು! ಕುಬೇರಪ್ಪ ಹೊಸ ಹಲಗೆಯನ್ನು ಸರಪಳಿಯಿಂದ ಬಡಿದ, ಚಹಾದ ನೀರು ಬಳಿದ, ಮನೆಯ ತೇಗದ ಪೆಟ್ಟಿಗೆಯನ್ನು ನೋಡಿಕೊಂಡು ಮುಚ್ಚಳದ ಅಂಚನ್ನು ಉಜ್ಜಿ ಸವೆಸಿದ.

ಹೋಟೆಲಿನ ಪರವಾಗಿ ಕೊಳ್ಳಲು ಬಂದ ವ್ಯಾಪಾರಿ ನಕ್ಕುಬಿಟ್ಟ. “ಕುಬೇರಪ್ಪಾರ, ಎಡಕ್ಕ ಯಾಕ ಸವಿಸೀರಿ? ಮಂದಿ ಬಲಗೈಲೆ ಎತ್ತತಾರ. ಸುಳ್ಳು ಅಂತ ಗೊತ್ತಾಗತೈತಿ.”

“ನಮ್ಮಾಕಿ ಎಡಚಿ ಇದ್ಲರಿ,” ಅಂದ ಕುಬೇರಪ್ಪ. ಹೆಂಡತಿ ಹಂಪವ್ವ ತೀರಿಕೊಂಡು ಆಗಿನ್ನೂ ತಿಂಗಳಾಗಿತ್ತು.

ಬೇರೆ ಮುಚ್ಚಳ ಮಾಡಿ, ಬಲಕ್ಕೆ ಸವೆಸಿಕೊಟ್ಟು ಮನೆಗೆ ಬಂದ. ತೇಗದ ಪೆಟ್ಟಿಗೆಯ ಮುಂದೆ ಕೂತು ಅಂಚಿನ ಮೇಲೆ ಕೈಯಾಡಿಸಿದ. ಎಡಕ್ಕೆ ಹಂಪವ್ವನ ಬೆರಳು ಕೂತ ತಗ್ಗು ಬೆಣ್ಣೆಯಂತೆ ನುಣುಪಾಗಿತ್ತು. ಬಲಕ್ಕೆ, ಮದುವೆಯ ವರ್ಷ ತಾನೇ ಕೆತ್ತಿದ ಅಂಚು ಇನ್ನೂ ಚೂಪಾಗಿಯೇ ಇತ್ತು. ಒಗೆದ ಅಂಗಿ ಬೇಕಾದಾಗಲೆಲ್ಲ ಅವನು ಕೂತಲ್ಲಿಂದಲೇ ಕೂಗುತ್ತಿದ್ದ, ಎದ್ದು ಆ ಮುಚ್ಚಳ ಎತ್ತಿದವನಲ್ಲ.